ಕಾಡು ಬಟಾಣಿಯ ಬುತ್ತಿಗಂಟು

ರಾತ್ರಿ ಮಲಗುವ ಮುಂಚೆ ಒಂದು ಪಾವು ಒಣ ಬಟಾಣಿಯನ್ನು ನೀರಿಗೆ ಹಾಕಿಟ್ಟರೆ ಬೆಳಗಾಗುವಷ್ಟರಲ್ಲಿ ಅದು ಪಾತ್ರೆ ತುಂಬ ಉಬ್ಬಿ ಕೂತಿರುತ್ತದೆ. ಮಸಾಲಪುರಿಗೋ ಸಾಗುವಿಗೋ ಅದನ್ನು ಕುಕ್ಕರಿಗೆ ಸುರಿಯುವ ಮುಂಚೆ ಅಮ್ಮ ಒಮ್ಮೆ ಕೈಯಾಡಿಸಿ ನೋಡುತ್ತಿದ್ದಳು. ತಳದಲ್ಲಿ ಒಂದೋ ಎರಡೋ ಕಾಳು ಚೂರೂ ನೆನೆಯದೆ, ಹಾಕಿದಾಗ ಹೇಗಿದ್ದವೋ ಹಾಗೇ ಗುಂಡುಕಲ್ಲಿನಂತೆ ಬಿದ್ದಿರುತ್ತಿದ್ದವು. ‘ಇವು ಏಳು ಸೀಟಿ ಹೊಡೆದರೂ ಬೇಯೋ ಜಾತಿಯಲ್ಲ’ ಎಂದು ಹೆಕ್ಕಿ ಹಿತ್ತಲಿಗೆ ಎಸೆಯುತ್ತಿದ್ದಳು.

ಈ ನೆನೆಯದ ಕಾಳಿಗೆ ದೊಡ್ಡ ಬಳಗವಿದೆ. ಟರ್ಕಿ, ಸಿರಿಯಾ, ಇಸ್ರೇಲಿನ ಕಲ್ಲುಗುಡ್ಡಗಳಲ್ಲಿ ಇಂದಿಗೂ ತಾನೇ ತಾನಾಗಿ ಬೆಳೆಯುವ ಕಾಡು ಬಟಾಣಿಯ ಕಾಳುಗಳಲ್ಲಿ ಬಹುಪಾಲು ಹೀಗೆಯೇ. ಮೊದಲ ಮಳೆಗೆ ಎಲ್ಲವೂ ಒಟ್ಟಿಗೆ ಮೊಳೆತು, ಆಮೇಲೆ ಮಳೆ ಕೈಕೊಟ್ಟರೆ ಅಲ್ಲಿಗೆ ವಂಶ ಮುಗಿಯಿತು. ಆದ್ದರಿಂದ ಅವು ದಪ್ಪ ಸಿಪ್ಪೆಯೊಳಕ್ಕೆ ನೀರು ಬಿಟ್ಟುಕೊಳ್ಳದೆ ಕಾಯುತ್ತವೆ. ಕೆಲವು ಈ ವರ್ಷ ಮೊಳೆಯುತ್ತವೆ, ಕೆಲವು ಮುಂದಿನ ವರ್ಷ, ಇನ್ನು ಕೆಲವು ಅದರಾಚೆಗೆ. ನೆನೆಯದ ಕಾಳೆಂದರೆ ಅವಸರವಿಲ್ಲದ ಕಾಳು, ಅಷ್ಟೇ.

ಅವಸರ ಇದ್ದದ್ದು ಮನುಷ್ಯನಿಗೆ. ಸುಮಾರು 10,000 ವರ್ಷಗಳ ಹಿಂದೆ ಪಶ್ಚಿಮ ಏಷ್ಯಾದಲ್ಲಿ ಗೋಧಿ, ಬಾರ್ಲಿ, ಮಸೂರಗಳ ಜತೆಗೆ ಬಟಾಣಿಯನ್ನೂ ಹೊಲಕ್ಕೆ ತಂದವನಿಗೆ, ಬಿತ್ತಿದ್ದೆಲ್ಲ ಒಂದೇ ಸಲ ಮೊಳೆಯಬೇಕಿತ್ತು. ಕಾಯಿ ಒಣಗಿದ ಕೂಡಲೇ ಪಟ್ಟನೆ ಸಿಡಿದು ಕಾಳು ಚೆಲ್ಲಬಾರದಿತ್ತು. ಕಾಳು ದಪ್ಪಗಿರಬೇಕಿತ್ತು. ಹಾಗೆ ಆರಿಸುತ್ತ ಆರಿಸುತ್ತ ನಾವು ಬಟಾಣಿಯ ಸಿಪ್ಪೆ, ಕಾಯಿ, ಗಾತ್ರ, ಬಣ್ಣಗಳನ್ನೆಲ್ಲ ನಮಗೆ ಬೇಕಾದ ಹಾಗೆ ತಿದ್ದಿಕೊಂಡೆವು. ಆದರೆ ಯಾವುದಕ್ಕಾಗಿ ಬಟಾಣಿಗೆ ಇಷ್ಟು ಬೆಲೆಯೋ ಆ ಪ್ರೋಟೀನನ್ನು ಮಾತ್ರ ಯಾರೂ ಆರಿಸಲಿಲ್ಲ. ಕಣ್ಣಿಗೆ ಕಾಣದ್ದನ್ನು ಆರಿಸುವುದಾದರೂ ಹೇಗೆ? ಕೈಗೆ, ಕಣ್ಣಿಗೆ, ನಾಲಿಗೆಗೆ ಸಿಕ್ಕಿದ್ದು ಊರಿಗೆ ಬಂತು. ಸಿಗದಿದ್ದರಲ್ಲಿ ಎಷ್ಟು ಬಂತು, ಎಷ್ಟು ಗುಡ್ಡದಲ್ಲೇ ಉಳಿಯಿತು ಎಂಬ ಲೆಕ್ಕ ಶುರುವಾಗಿ ಇನ್ನೂ ಐವತ್ತು ವರ್ಷವಾಗಿದೆ ಅಷ್ಟೇ.

ದಿನಸಿ ತಾಯಿಯದು, ಅಡುಗೆ ಮಗುವಿನದು

ನೆನೆದ ಬಟಾಣಿಯೊಂದನ್ನು ಬೆರಳಲ್ಲಿ ಹಿಸುಕಿ ಸಿಪ್ಪೆ ಜಾರಿಸಿ ನೋಡಿ. ಎರಡು ಬೇಳೆ, ಅವೆರಡರ ಸಂದಿಯಲ್ಲಿ ಒಂದು ಪುಟ್ಟ ಮೊಳಕೆ. ನಾಳಿನ ಗಿಡವೆಂದರೆ ಆ ಮೊಳಕೆ ಮಾತ್ರ. ಬೇಳೆಗಳೆರಡೂ ಅದರ ಬುತ್ತಿ. ಬೇರಿಳಿಸಿ, ಎಲೆ ಬಿಚ್ಚಿ, ಬಿಸಿಲಲ್ಲಿ ಸ್ವಂತ ದುಡಿಮೆ ಆರಂಭಿಸುವವರೆಗೆ ಅದರ ಊಟ ಇಲ್ಲಿಂದಲೇ. ಬುತ್ತಿಯ ಸುಮಾರು ಅರ್ಧ ಪಾಲು ಪಿಷ್ಟ, ಐದನೇ ಒಂದರಿಂದ ನಾಲ್ಕನೇ ಒಂದು ಪಾಲು ಪ್ರೋಟೀನು.

ಈ ಬುತ್ತಿ ಕಟ್ಟಿದವರು ಯಾರು ಎಂದು ಕೇಳಿದರೆ ಥಟ್ಟನೆ ತಾಯಿ ಎನ್ನುತ್ತೇವೆ. ಪೂರ್ತಿ ನಿಜವಲ್ಲ. ಕಾಳಿನ ಸಿಪ್ಪೆ ತಾಯಿಗಿಡದ್ದು. ಒಳಗಿನ ಬೇಳೆ ಮುಂದಿನ ತಲೆಮಾರಿನದು. ತಾಯಿ ಸಿಪ್ಪೆಯ ಮೂಲಕ ಸಕ್ಕರೆಯನ್ನೂ ಅಮೈನೋ ಆಮ್ಲಗಳನ್ನೂ ಕಳಿಸಿಕೊಡುತ್ತಾಳೆ. ಅವನ್ನು ಪ್ರೋಟೀನಾಗಿ ಹೆಣೆಯುವುದು ಬೇಳೆಯೊಳಗೆ ಕೆಲಸ ಮಾಡುವ ಮಗುವಿನ ಜೀನುಗಳು. ದಿನಸಿ ತಾಯಿಯದು, ಅಡುಗೆ ಮಗುವಿನದು. ಆದ್ದರಿಂದ ಮಿಶ್ರತಳಿಯ ಗಿಡವೊಂದರ ಒಂದೇ ಕಾಯಿಯಲ್ಲಿ ಅಕ್ಕಪಕ್ಕ ಕೂತ ಎರಡು ಕಾಳುಗಳ ಬುತ್ತಿ ಬೇರೆ ಬೇರೆಯಾಗಿರಬಹುದು.

ಬುತ್ತಿಯೊಳಗೇನಿದೆ ಎಂದು ಮೊದಲು ಗಂಟು ಬಿಚ್ಚಿದವರಲ್ಲಿ ಫ್ರಾನ್ಸಿನ ನಾನ್ಸಿ ಊರಿನ ಆಂರಿ ಬ್ರಾಕೊನೊ ಒಬ್ಬ. 1827ರಲ್ಲಿ ಬಟಾಣಿ, ಹುರುಳಿಕಾಯಿ ಜಾತಿಯ ಕಾಳುಗಳಿಂದ ತೆಗೆದ ವಸ್ತುವಿಗೆ ಆತ ಲೆಗ್ಯುಮಿನ್ ಎಂದು ಹೆಸರಿಟ್ಟ. ಅದು ಒಂದೇ ಪದಾರ್ಥವಲ್ಲ ಎಂದು ಗೊತ್ತಾಗಲು ಏಳು ದಶಕ ಬೇಕಾಯಿತು. ಅಮೆರಿಕದ ಕನೆಕ್ಟಿಕಟ್ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದ ಥಾಮಸ್ ಬರ್ ಆಸ್ಬರ್ನ್ 1890ರ ದಶಕದ ಕೊನೆಯಲ್ಲಿ ಬಟಾಣಿ ಹಿಟ್ಟನ್ನು ಉಪ್ಪುನೀರಿನಲ್ಲಿ ಕರಗಿಸಿ, ಸೋಸಿ, ಮತ್ತೆ ಗರಣೆಗಟ್ಟಿಸಿ ಲೆಗ್ಯುಮಿನ್ನಿನ ಜತೆಗಿದ್ದ ಇನ್ನೊಂದನ್ನು ಬೇರ್ಪಡಿಸಿದ. ಅದೇ ವಿಸಿಲಿನ್. ನೀರಿನಲ್ಲಿ ಕರಗುವ ಆಲ್ಬುಮಿನ್, ಉಪ್ಪುನೀರಿನಲ್ಲಿ ಕರಗುವ ಗ್ಲಾಬ್ಯುಲಿನ್ ಎಂಬ ಅವನ ವಿಂಗಡಣೆ ಇಂದಿಗೂ ಪಠ್ಯಪುಸ್ತಕದಲ್ಲಿದೆ. ಲೆಗ್ಯುಮಿನ್, ವಿಸಿಲಿನ್ ಎರಡೂ ಗ್ಲಾಬ್ಯುಲಿನ್ನುಗಳೇ. ಬಟಾಣಿಯ ಪ್ರೋಟೀನಿನಲ್ಲಿ ಸಿಂಹಪಾಲು ಇವುಗಳದ್ದು.

ಮುಂದೆ ಸ್ವೀಡನ್ನಿನ ಉಪ್ಸಾಲಾದಲ್ಲಿ, ನೊಬೆಲ್ ವಿಜೇತ ಥಿಯೊಡೋರ್ ಸ್ವೆಡ್‌ಬರ್ಗ್ ರೂಪಿಸಿದ ಅತಿವೇಗದ ಸೆಂಟ್ರಿಫ್ಯೂಜಿನಲ್ಲಿ ಇವನ್ನು ಗಿರಗಿರ ತಿರುಗಿಸಿ ತೂಗಲಾಯಿತು. ಲೆಗ್ಯುಮಿನ್ ಭಾರವಾದದ್ದು: ಆರು ತುಂಡುಗಳು ಸೇರಿ ಒಂದು ಉಂಡೆ, ಒಂದೊಂದು ತುಂಡಿನಲ್ಲೂ ಒಂದು ದೊಡ್ಡ, ಒಂದು ಚಿಕ್ಕ ಸರಪಳಿ, ಅವೆರಡರ ನಡುವೆ ಗಂಧಕದ ಕೊಂಡಿ. ವಿಸಿಲಿನ್ ಹಗುರ: ಮೂರು ತುಂಡುಗಳ ಜೋಡಣೆ, ಗಂಧಕದ ಕೊಂಡಿಯಿಲ್ಲ. ಇವೆರಡರ ಜತೆಗೆ ಕನ್‌ವಿಸಿಲಿನ್ ಎಂಬ ಮೂರನೆಯದೂ ಇದೆ. ವಿಸಿಲಿನ್ನಿನ ಹತ್ತಿರದ ನೆಂಟ, ಆದರೆ ತಲೆಗೆ ಉದ್ದನೆಯ ರುಮಾಲು ಸುತ್ತಿಕೊಂಡ ಹಾಗೆ ಸರಪಳಿಯ ಆರಂಭದಲ್ಲಿ ಹೆಚ್ಚುವರಿ ಭಾಗವಿದೆ.

ಮೆಂಡೆಲ್ ಕಾಣದ ಸಂಗತಿ

ಬಟಾಣಿಯ ಮಾತು ಬಂದಮೇಲೆ ಬ್ರನೊ ಊರಿನ ಮಠಕ್ಕೆ ಹೋಗದಿರಲು ಸಾಧ್ಯವಿಲ್ಲ. ಗ್ರೆಗರ್ ಮೆಂಡೆಲ್ 1856ರಿಂದ 1863ರವರೆಗೆ ಅಲ್ಲಿ ಬೆಳೆಸಿದ ಬಟಾಣಿ ಗಿಡಗಳು ಸುಮಾರು 28,000. ಗುಂಡು ಕಾಳಿನ ತಳಿಯನ್ನೂ ಸುಕ್ಕುಗಾಳಿನ ತಳಿಯನ್ನೂ ಕೂಡಿಸಿದಾಗ ಮೊದಲ ತಲೆಮಾರಿನಲ್ಲಿ ಎಲ್ಲವೂ ಗುಂಡು. ಅವುಗಳ ಮಕ್ಕಳಲ್ಲಿ 5,474 ಗುಂಡು, 1,850 ಸುಕ್ಕು. ಮೂರಕ್ಕೆ ಒಂದು. ತಳಿಶಾಸ್ತ್ರ ಹುಟ್ಟಿದ್ದೇ ಈ ಲೆಕ್ಕದಿಂದ.

ಕಾಳು ಸುಕ್ಕುಗಟ್ಟುವುದೇಕೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 1990ರಲ್ಲಿ, ಇಂಗ್ಲೆಂಡಿನ ನಾರ್ವಿಚ್‌ನ ಜಾನ್ ಇನ್ಸ್ ಸಂಸ್ಥೆಯಲ್ಲಿ. ಪಿಷ್ಟದ ಸರಪಳಿಗೆ ಕವಲು ಮೂಡಿಸುವ ಕಿಣ್ವವೊಂದರ ಜೀನಿನ ನಡುವೆ, ಸುಮಾರು 800 ಅಕ್ಷರಗಳ ಬೇರೊಂದು ಡಿಎನ್‌ಎ ತುಣುಕು ಎಲ್ಲಿಂದಲೋ ಬಂದು ಸಿಕ್ಕಿಕೊಂಡಿದೆ. ಕಿಣ್ವ ಇಲ್ಲದ ಕಾಳಿನಲ್ಲಿ ಸಕ್ಕರೆ ಪೂರ್ತಿಯಾಗಿ ಪಿಷ್ಟವಾಗುವುದಿಲ್ಲ. ಸಕ್ಕರೆ ನೀರನ್ನು ಎಳೆದುಕೊಳ್ಳುತ್ತದೆ, ಎಳೆಗಾಳು ಉಬ್ಬುತ್ತದೆ, ಬಲಿತು ಒಣಗುವಾಗ ನೀರೆಲ್ಲ ಹೋಗಿ ಸಿಪ್ಪೆ ಮುದುಡುತ್ತದೆ. ಚಳಿಗಾಲದಲ್ಲಿ ನಮ್ಮ ಮಾರುಕಟ್ಟೆಗೆ ಬರುವ ಹಸಿ ಬಟಾಣಿ ಅಷ್ಟೊಂದು ಸಿಹಿಯಾಗಿರುವುದರ ಗುಟ್ಟೂ ಇದೇ. ಆರ್ಕೆಲ್ ತಳಿಯ ಬಿತ್ತನೆ ಬೀಜ ತಂದ ರೈತರಿಗೆ ಗೊತ್ತು, ಅದು ಸುಕ್ಕು ಬೀಜ. ಮಸಾಲಪುರಿಗೆ ನೆನೆಹಾಕುವ ಒಣ ಬಟಾಣಿ ಗುಂಡು. ಮೆಂಡೆಲನ ಎರಡು ಪಂಗಡಗಳು ನಮ್ಮ ಅಡುಗೆಮನೆಯಲ್ಲಿ ಬೇರೆ ಬೇರೆ ಡಬ್ಬಿ ಹಿಡಿದಿವೆ.

ಆದರೆ ಸುಕ್ಕು ಬರೀ ಪಿಷ್ಟದ ಕತೆಯಲ್ಲ. ಸುಕ್ಕುಗಾಳಿನ ಬುತ್ತಿಯಲ್ಲಿ ಲೆಗ್ಯುಮಿನ್ನಿನ ಪಾಲು ಗುಂಡುಗಾಳಿಗಿಂತ ಕಡಿಮೆ ಎಂದು ಅದೇ ಸಂಸ್ಥೆಯ ಡೇವಿಸ್ 1980ರಲ್ಲಿ ತೋರಿಸಿದರು. ಪಿಷ್ಟದ ಒಂದು ಜೀನ್ ಕೆಟ್ಟರೆ ಒಳಗಿನ ನೀರು–ಸಕ್ಕರೆಯ ಹದ ತಪ್ಪುತ್ತದೆ. ಅದರ ಬಿಸಿ, ಕಾಳು ಬಲಿಯುವ ಕೊನೆಯ ಹಂತದಲ್ಲಿ ಹೆಚ್ಚಾಗಿ ತಯಾರಾಗುವ ಲೆಗ್ಯುಮಿನ್ನಿಗೂ ತಟ್ಟುತ್ತದೆ. ಅಂದರೆ ಗುಂಡು ಒಂದು ಕಡೆ, ಸುಕ್ಕು ಒಂದು ಕಡೆ ಎಂದು ಮೆಂಡೆಲ್ ಎಣಿಸಿ ಇಡುತ್ತಿದ್ದಾಗ, ತನಗೆ ಗೊತ್ತಿಲ್ಲದೆಯೇ ಲೆಗ್ಯುಮಿನ್ ಹೆಚ್ಚಿನದು, ಕಡಿಮೆಯದು ಎಂದೂ ವಿಂಗಡಿಸುತ್ತಿದ್ದ. ಕಣ್ಣಿಗೆ ಕಂಡ ಗುಣವೊಂದು ಕಾಣದ ಗುಣವನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಂದಿತ್ತು.

ಬ್ಲೇಡು, ಜೆಲ್ಲು, ನೀಲಿ ಗೆರೆ

ಕಾಣದ್ದನ್ನು ಕಾಣಿಸಿದ್ದು 1970ರ ಸುಮಾರಿಗೆ ಎಲ್ಲ ಪ್ರಯೋಗಾಲಯಗಳಿಗೂ ಹಬ್ಬಿದ ಒಂದು ಸರಳ ವಿಧಾನ. ಕಾಳಿನಿಂದ ಒಂದು ಚೂರು ತೆಗೆದು, ಅರೆದು, ಸೋಪಿನಂಥ ರಾಸಾಯನಿಕದಲ್ಲಿ ಕುದಿಸಿ, ಜೆಲ್ಲಿನ ತೆಳು ಹಲಗೆಯ ಮೇಲಂಚಿಗೆ ಬಿಟ್ಟು ವಿದ್ಯುತ್ ಹಾಯಿಸುತ್ತಾರೆ. ಜೆಲ್ ಒಂದು ಜರಡಿ. ಚಿಕ್ಕ ಪ್ರೋಟೀನುಗಳು ಸರಸರ ಕೆಳಗಿಳಿಯುತ್ತವೆ, ದಪ್ಪವು ಹಿಂದೆ ಉಳಿಯುತ್ತವೆ. ಆಮೇಲೆ ಕೂಮಾಸಿ ನೀಲಿಯಲ್ಲಿ ಅದ್ದಿದರೆ ಒಂದೊಂದು ಪ್ರೋಟೀನೂ ಒಂದೊಂದು ಗೆರೆಯಾಗಿ ಮೂಡುತ್ತದೆ. ಹಿಂದೊಮ್ಮೆ ಉಣ್ಣೆಗೆ ಹಾಕುತ್ತಿದ್ದ ಬಣ್ಣ ಅದು. ಹೆಸರು ಬಂದದ್ದು ಆಫ್ರಿಕಾದ ಘಾನಾ ದೇಶದ ಕುಮಾಸಿ ಊರಿನಿಂದ.

ಬಟಾಣಿಯ ಮಟ್ಟಿಗೆ ಇದರಲ್ಲೊಂದು ಸೊಗಸಿದೆ. ಚೂರು ತೆಗೆಯುವಾಗ ಮೊಳಕೆಯಿರುವ ಬದಿಯನ್ನು ಮುಟ್ಟದೆ, ಎದುರು ಬದಿಯ ಬೇಳೆಯಿಂದ ಬ್ಲೇಡಿನಲ್ಲಿ ಒಂದಿಷ್ಟು ಕೆರೆದುಕೊಂಡರೆ ಸಾಕು. ಉಳಿದ ಕಾಳನ್ನು ಬಿತ್ತಬಹುದು, ಅದು ಮೊಳೆಯುತ್ತದೆ. ಬುತ್ತಿಯಲ್ಲಿ ಒಂದು ತುತ್ತು ಕಡಿಮೆಯಾದರೆ ಮಗುವೇನೂ ಸಾಯುವುದಿಲ್ಲ. ಹೀಗೆ ಬಿತ್ತುವ ಮೊದಲೇ ಯಾವ ಕಾಳಿನ ಜಾತಕ ಏನು ಎಂದು ಬರೆದಿಟ್ಟುಕೊಳ್ಳಬಹುದು.

ಮೆಂಡೆಲನಿಗೆ ಈ ಅನುಕೂಲ ಇರಲಿಲ್ಲ. ಗುಂಡಾಗಿ ಕಾಣುವ ಕಾಳುಗಳಲ್ಲಿ ಅಚ್ಚ ಗುಂಡು ಯಾವುದು, ಒಳಗೆ ಸುಕ್ಕನ್ನು ಬಚ್ಚಿಟ್ಟುಕೊಂಡ ಗುಂಡು ಯಾವುದು ಎಂದು ತಿಳಿಯಲು ಅವನು ಮತ್ತೊಂದು ವರ್ಷ ಬಿತ್ತಿ ಕಾಯಬೇಕಾಯಿತು. ಹಾಗೆ ಬೆಳೆಸಿದ 565 ಗಿಡಗಳಲ್ಲಿ 193 ಮಾತ್ರ ಅಚ್ಚ, ಉಳಿದ 372 ಬೆರಕೆ. ನೀಲಿ ಗೆರೆಗಳಲ್ಲಿ ಈ ಬಚ್ಚಿಡುವಾಟ ನಡೆಯುವುದಿಲ್ಲ. ಅಪ್ಪನ ಲೆಗ್ಯುಮಿನ್ ಒಂದೆತ್ತರದಲ್ಲಿ, ಅಮ್ಮನದು ಇನ್ನೊಂದೆತ್ತರದಲ್ಲಿ ಗೆರೆ ಮೂಡಿಸುತ್ತಿದ್ದರೆ ಮಗುವಿನಲ್ಲಿ ಎರಡೂ ಗೆರೆ ಕಾಣುತ್ತವೆ. ಯಾರೂ ಯಾರನ್ನೂ ಮುಚ್ಚಿಹಾಕುವುದಿಲ್ಲ.

1970ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದ ಥಾಮ್ಸನ್ ಮತ್ತು ಶ್ರೋಡರ್, ನಾರ್ವಿಚ್‌ನ ರಾಡ್ ಕೇಸಿ, ಪೋಲೆಂಡಿನ ಪ್ರಿಬಿಲ್‌ಸ್ಕಾ ಮೊದಲಾದವರು ಊರಿನ ತಳಿಗಳನ್ನೂ ಕಾಡಿನವನ್ನೂ ಹೀಗೆ ಜೆಲ್ಲಿಗೆ ಹಾಕತೊಡಗಿದರು. ಎಲ್ಲ ಬಟಾಣಿಯಲ್ಲೂ ಲೆಗ್ಯುಮಿನ್, ವಿಸಿಲಿನ್ ಇದ್ದೇ ಇದ್ದವು. ಆದರೆ ಗೆರೆಗಳ ಎತ್ತರ, ದಪ್ಪ, ಸಂಖ್ಯೆ ತಳಿಯಿಂದ ತಳಿಗೆ ಬೇರೆಯಾಗಿದ್ದವು. ಅಡುಗೆ ಒಂದೇ, ಕೈಗುಣ ಬೇರೆ.

ಇಷ್ಟೊಂದು ವೈವಿಧ್ಯ ಉಳಿದುಕೊಂಡದ್ದು ಹೇಗೆ? ದಾಸ್ತಾನು ಪ್ರೋಟೀನಿಗೆ ಇರುವ ಕೆಲಸವೇ ಅಂಥದ್ದು. ಕಿಣ್ವವೆಂದರೆ ಬೀಗದ ಕೈ ಇದ್ದ ಹಾಗೆ. ಒಂದು ಹಲ್ಲು ಸವೆದರೂ ಬೀಗ ತೆರೆಯದು, ಗಿಡಕ್ಕೆ ಕುತ್ತು ಬರುತ್ತದೆ. ಬುತ್ತಿಯ ಅನ್ನ ಹಾಗಲ್ಲ. ಒತ್ತೊತ್ತಾಗಿ ತುಂಬಲು ಬರಬೇಕು, ಹಸಿದಾಗ ಬಿಡಿಸಲು ಬರಬೇಕು. ಅಷ್ಟಾದರೆ ಅಲ್ಲೊಂದು ಇಲ್ಲೊಂದು ಅಮೈನೋ ಆಮ್ಲ ಬದಲಾದರೆ ಕೇಳುವವರಿಲ್ಲ. ಜತೆಗೆ ಇವನ್ನು ತಯಾರಿಸುವ ಜೀನ್ ಒಂದೇ ಒಂದಲ್ಲ, ಹಲವು ಪ್ರತಿಗಳ ಕುಟುಂಬ. ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಬೋಲ್ಟರ್ ಅವರ ತಂಡ 1984ರಲ್ಲಿ ಬಟಾಣಿಯ ಒಂದು ಲೆಗ್ಯುಮಿನ್ ಜೀನನ್ನು ಮೊದಲಿಂದ ಕೊನೆಯವರೆಗೆ ಓದಿ ಮುಗಿಸಿತು. ಅದು ಇಡೀ ಕುಟುಂಬದಲ್ಲಿ ಒಬ್ಬನ ಜಾತಕವಷ್ಟೇ. ಕುಟುಂಬದಲ್ಲಿ ಒಬ್ಬ ಸೋಮಾರಿಯಾದರೆ ಉಳಿದವರು ದುಡಿದು ಹಾಕುತ್ತಾರೆ. ತಪ್ಪುಗಳು ಸಾಯದೆ ತಲೆಮಾರುಗಳ ಉದ್ದಕ್ಕೂ ಸಾಗಿಬರುತ್ತವೆ.

ಗುಡ್ಡದ ನೆಂಟರು

ಈಗ ಕಾಡಿನ ಬಟಾಣಿಗಳನ್ನು ಒಮ್ಮೆ ಹತ್ತಿರದಿಂದ ನೋಡೋಣ. ಮೆಡಿಟರೇನಿಯನ್ ಸುತ್ತಲಿನ ಪೊದೆಗಳ ಮೇಲೆ ಹಬ್ಬಿ, ನೇರಳೆ ಹೂ ಬಿಡುವ ಎಲೇಷಿಯಸ್ ನಮ್ಮ ಬಟಾಣಿಯ ಮೂಲ ಪುರುಷ. ಇದರ ಕಾಳು ಸಣ್ಣದು, ಸಿಪ್ಪೆ ಮುಟ್ಟಿದರೆ ತರಿತರಿ. ಹಳೆಯ ಜನವಸತಿಗಳ ಬೂದಿಗುಂಡಿಯಲ್ಲಿ ಸಿಕ್ಕ ಕರಿಕಾಳು ಕಾಡಿನದೋ ಹೊಲದ್ದೋ ಎಂದು ಪುರಾತತ್ತ್ವಜ್ಞರು ಹೇಳುವುದು ಈ ತರಿಯನ್ನು ನೋಡಿಯೇ. ಸಿಪ್ಪೆ ನುಣುಪಾಗಿದ್ದರೆ ಅದು ಊರಿಗೆ ಬಂದಾಗಿತ್ತು ಎಂದರ್ಥ.

ಎರಡನೆಯದು ಫುಲ್ವಮ್. ಇಸ್ರೇಲ್, ಜೋರ್ಡನ್, ಸಿರಿಯಾ ಸೀಮೆಯದು. ಹೂವು ಇಟ್ಟಿಗೆ ಬಣ್ಣ. ಇದರ ಕೆಲವು ಬಗೆಗಳು ಶೇಂಗಾದ ಹಾಗೆ ನೆಲದಡಿಯಲ್ಲೂ ಒಂದಿಷ್ಟು ಕಾಯಿ ಕಟ್ಟುತ್ತವೆ. ಇದು ಎಲೇಷಿಯಸ್‌ನಿಂದ ಬಹಳ ಹಿಂದೆಯೇ ಕವಲೊಡೆದ ಬೇರೆ ಪ್ರಭೇದ. ಪ್ರೋಟೀನಿನ ಗೆರೆಗಳಲ್ಲೂ ಡಿಎನ್‌ಎಯಲ್ಲೂ ಅದರ ದಾರಿಯೇ ಬೇರೆ. ಊರ ಬಟಾಣಿಯ ಜತೆ ಸುಲಭಕ್ಕೆ ಕೂಡುವುದಿಲ್ಲ. ಫುಲ್ವಮ್‌ನ ಪರಾಗವನ್ನು ತಂದು ಊರ ಬಟಾಣಿಯ ಹೂವಿಗೆ ಮುಟ್ಟಿಸಿದರೆ ಫಲ ಸಿಗುವ ಸಂಭವ ಹೆಚ್ಚು. ಕಾಯಿಯೊಳಕ್ಕೆ ನುಗ್ಗಿ ಕಾಳು ತಿನ್ನುವ ಬಟಾಣಿ ಹುಳುವಿಗೆ ಇದು ಜಗ್ಗುವುದಿಲ್ಲ ಎಂಬ ಕಾರಣಕ್ಕೆ ತಳಿ ತಜ್ಞರು ಇಷ್ಟು ಕಷ್ಟಪಟ್ಟಾದರೂ ನೆಂಟಸ್ತನ ಬೆಳೆಸುತ್ತಾರೆ.

ಮೂರನೆಯದು ಕಾಡಿನದಲ್ಲ, ಆದರೆ ನಮ್ಮ ಮನೆಯದೂ ಅಲ್ಲ. ಇಥಿಯೋಪಿಯಾದ ಟಿಗ್ರೆ ಸೀಮೆಯ ರೈತರು ದೆಕೊಕೊ ಎಂದು ಕರೆಯುವ ಪುಟ್ಟ ಕಾಳಿನ ಅಬಿಸಿನಿಕಮ್. ಪಶ್ಚಿಮ ಏಷ್ಯಾದ ಬಟಾಣಿಗೂ ಅದಕ್ಕೂ ಬೇಸಾಯದ ಚರಿತ್ರೆಯೇ ಬೇರೆ. ಯಾರೋ ಪ್ರತ್ಯೇಕವಾಗಿ ಹೊಲಕ್ಕೆ ತಂದದ್ದು. ರಷ್ಯಾದ ನಿಕೊಲಾಯ್ ವಾವಿಲೋವ್ 1927ರಲ್ಲಿ ಇಥಿಯೋಪಿಯಾವನ್ನು ಸುತ್ತಿ ಬೀಜ ಸಂಗ್ರಹಿಸಿದಾಗ, ಬೆಳೆಗಳ ವೈವಿಧ್ಯದ ದೊಡ್ಡ ತವರುಗಳಲ್ಲಿ ಅದೂ ಒಂದು ಎಂದು ಗುರುತಿಸಿದ್ದ. ಬೀಜಗಳಿಗಾಗಿ ಐದು ಖಂಡ ಅಲೆದ ಆ ಮನುಷ್ಯ 1943ರಲ್ಲಿ ಸರಾಟೊವ್‌ನ ಸೆರೆಮನೆಯಲ್ಲಿ ಹಸಿವಿನಿಂದ ಬಳಲಿ ತೀರಿಕೊಂಡ.

ಇಂದು ಇಂಥ ಸಂಗ್ರಹಗಳು ಹಲವು ದೇಶಗಳಲ್ಲಿವೆ. ಜಾನ್ ಇನ್ಸ್ ಕೇಂದ್ರದ ಕಪಾಟುಗಳಲ್ಲೇ ಮೂರು ಸಾವಿರಕ್ಕೂ ಹೆಚ್ಚು ಬಗೆಯ ಬಟಾಣಿಗಳ ಪೊಟ್ಟಣಗಳಿವೆ. ಮೆಂಡೆಲ್ ತರುಣನಾಗಿ ಓದಿದ ಒಲೊಮೊಟ್ಸ್ ಪಟ್ಟಣದ ವಿಶ್ವವಿದ್ಯಾಲಯದಲ್ಲಿ ಪೆತ್ರ್ ಸ್ಮಿಕಲ್ ಅವರ ತಂಡ ಕಾಡು ಬಟಾಣಿಯ ಸಿಪ್ಪೆ ನೀರನ್ನು ತಡೆಯುವುದು ಹೇಗೆ, ಕಾಯಿ ಸಿಡಿಯುವುದು ಹೇಗೆ ಎಂದು ಹುಡುಕುತ್ತಿದೆ. ಅಮ್ಮ ಹಿತ್ತಲಿಗೆ ಎಸೆಯುತ್ತಿದ್ದುದನ್ನು ಅವರು ಹೆಕ್ಕಿ ಜೋಪಾನ ಮಾಡುತ್ತಾರೆ.

ಬುತ್ತಿಗೆ ಹಾಕಿದ ಬೀಗ

ಬುತ್ತಿಯನ್ನು ಮಗುವಿಗೆಂದು ಕಟ್ಟಿದ್ದು. ದಾರಿಹೋಕರು ಕದಿಯದಿರಲೆಂದು ಅದಕ್ಕೊಂದು ಬೀಗವೂ ಉಂಟು. ಬಟಾಣಿಯ ಆಲ್ಬುಮಿನ್‌ಗಳಲ್ಲಿ 37 ಅಮೈನೋ ಆಮ್ಲಗಳ ಒಂದು ಗಿಡ್ಡ ಪ್ರೋಟೀನಿದೆ. ನಮ್ಮ ಅಕ್ಕಿಡಬ್ಬಿಯಲ್ಲಿ ಕಾಣುವ ಸೊಂಡಿಲ ಹುಳು ಬಟಾಣಿ ತಿಂದರೆ ಸಾಯುವುದು ಇದರಿಂದ ಎಂದು ಫ್ರೆಂಚ್ ವಿಜ್ಞಾನಿಗಳು 1990ರ ದಶಕದಲ್ಲಿ ಕಂಡುಕೊಂಡರು.

ಇನ್ನೊಂದು ಬೀಗ ನಮ್ಮ ಹೊಟ್ಟೆಯದೇ. ನಮ್ಮ ಕರುಳಿನಲ್ಲಿ ಪ್ರೋಟೀನನ್ನು ತುಂಡರಿಸುವ ಟ್ರಿಪ್ಸಿನ್ ಎಂಬ ಕಿಣ್ವವನ್ನು ಬಿಗಿಯಾಗಿ ಹಿಡಿದು ಕೆಲಸ ಕೆಡಿಸುವ ತಡೆಕಾರಕಗಳು ಬಟಾಣಿಯಲ್ಲಿವೆ. ಚೆನ್ನಾಗಿ ಬೇಯಿಸಿದರೆ ಇವು ಬಹುಪಾಲು ನಿಷ್ಕ್ರಿಯ. ಮನುಷ್ಯನಿಗೆ ಕುಕ್ಕರಿದೆ. ಹಸಿ ಕಾಳಿನ ಹಿಟ್ಟನ್ನೇ ತಿನ್ನುವ ಕೋಳಿಗೂ ಹಂದಿಗೂ ಇಲ್ಲ. ತಿಂದ ಪ್ರೋಟೀನಿನಲ್ಲಿ ಒಂದು ಪಾಲು ಜೀರ್ಣವಾಗದೆ ಹೊರಹೋಗುತ್ತದೆ.

ಈ ತಡೆಕಾರಕ ಇಲ್ಲದ ಬಟಾಣಿ ಎಲ್ಲಾದರೂ ಇದೆಯೇ ಎಂದು ಕ್ಲೇರ್ ಡೊಮೊನಿ ಮತ್ತು ಸಂಗಡಿಗರು ಜಾನ್ ಇನ್ಸ್ ಕೇಂದ್ರದಲ್ಲಿ ಹುಡುಕಿದರು. ಅವರಿಗೆ ಎರಡು ದಾರಿಯಿತ್ತು. ರಾಸಾಯನಿಕದಿಂದ ಜೀನುಗಳನ್ನು ಕೆಡಿಸಿದ ಸಾವಿರಾರು ಗಿಡಗಳಲ್ಲಿ ಬೇಕಾದ ತಪ್ಪನ್ನು ಹುಡುಕುವುದು ಒಂದು. ಸಂಗ್ರಹದ ಪೊಟ್ಟಣಗಳಲ್ಲಿ ಪ್ರಕೃತಿಯೇ ಮಾಡಿಟ್ಟ ತಪ್ಪನ್ನು ಹುಡುಕುವುದು ಇನ್ನೊಂದು. ಎರಡನೆಯ ದಾರಿಯಲ್ಲಿ ಇಡೀ ಸಂಗ್ರಹವನ್ನು ಜಾಲಾಡಿದಾಗ ಸಿಕ್ಕಿದ್ದು ಒಂದೇ ಒಂದು ಪೊಟ್ಟಣ. ಅದು ಕಾಡಿನ ಎಲೇಷಿಯಸ್. ಪಕ್ಕಪಕ್ಕದಲ್ಲಿರುವ ಎರಡು ತಡೆಕಾರಕ ಜೀನುಗಳೂ ಅದರಲ್ಲಿ ಸತ್ತಿದ್ದವು. ಆ ಗುಣವನ್ನು ಊರ ಬಟಾಣಿಗೆ ದಾಟಿಸಿದ್ದೂ ಆಗಿದೆ ಎಂದು 2015ರಲ್ಲಿ ಅವರು ಪ್ರಕಟಿಸಿದರು.

ಈ ಒಂದು ಪೊಟ್ಟಣದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಹತ್ತು ಸಾವಿರ ವರ್ಷ ಬಟಾಣಿ ಬೆಳೆದ ಯಾವ ರೈತನೂ, ಕೋಳಿ, ಹಂದಿಗಳಿಗೆ ಇದು ಒಗ್ಗುತ್ತದೆ ಎಂದು ಆ ಕಾಳನ್ನು ಆರಿಸಿರಲಾರ. ಆರಿಸಲು ಅವನಿಗೆ ಗುರುತೇನಿತ್ತು? ಹೂವಿನಲ್ಲಿ, ಕಾಯಿಯಲ್ಲಿ, ಕಾಳಿನ ಬಣ್ಣದಲ್ಲಿ ಅದು ಬರೆದಿರಲಿಲ್ಲ. ತರಿ ಸಿಪ್ಪೆಯ, ನೆನೆಯದ, ಸಿಡಿದು ಚೆಲ್ಲಿಹೋಗುವ ಆ ಸಣ್ಣ ಕಾಳಿನಲ್ಲಿ ನಮಗೆ ಬೇಡವಾದ ಹತ್ತು ಗುಣ ಕಣ್ಣಿಗೆ ರಾಚುತ್ತಿದ್ದವು, ಬೇಕಾದ ಒಂದು ಒಳಗೆ ಕೂತಿತ್ತು.

ಗಂಧಕದ ಲೆಕ್ಕ

ಆಸ್ಬರ್ನ್‌ನ ಜತೆ ಕೆಲಸ ಮಾಡಿದ ಯೇಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕನ ಹೆಸರೂ ಮೆಂಡೆಲ್ ಎಂಬುದು ಚರಿತ್ರೆಯ ಒಂದು ಚೇಷ್ಟೆ. ಲಫಾಯೆಟ್ ಮೆಂಡೆಲ್‌ಗೂ ಬ್ರನೊದ ಮೆಂಡೆಲನಿಗೂ ಸಂಬಂಧವಿಲ್ಲ. ಆಸ್ಬರ್ನ್ ಮತ್ತು ಈ ಮೆಂಡೆಲ್ ಇಲಿಗಳಿಗೆ ಒಂದೊಂದೇ ಪ್ರೋಟೀನು ತಿನ್ನಿಸಿ, ಪ್ರೋಟೀನೆಂದರೆ ಎಲ್ಲವೂ ಒಂದೇ ಅಲ್ಲ ಎಂದು ತೋರಿಸಿದರು. ಜೋಳ, ಅಕ್ಕಿ, ಗೋಧಿಯಲ್ಲಿ ಲೈಸಿನ್ ಕಡಿಮೆ. ಬಟಾಣಿಯಲ್ಲಿ ಲೈಸಿನ್ ಧಾರಾಳ, ಆದರೆ ಗಂಧಕವುಳ್ಳ ಮಿಥಿಯೊನಿನ್, ಸಿಸ್ಟೀನ್‌ಗಳ ಕೊರತೆ. ಅನ್ನಕ್ಕೆ ಸಾರು, ರೊಟ್ಟಿಗೆ ಕಾಳುಪಲ್ಯ ಎಂಬ ನಮ್ಮ ಜೋಡಿಗಳು ಈ ಕೊರತೆಯನ್ನು ಪರಸ್ಪರ ತುಂಬುತ್ತವೆ.

ಬಟಾಣಿಯೊಳಗೂ ಗಂಧಕದ ಹಂಚಿಕೆ ಸಮನಾಗಿಲ್ಲ. ಲೆಗ್ಯುಮಿನ್‌ನಲ್ಲಿ ಹೆಚ್ಚು, ವಿಸಿಲಿನ್‌ನಲ್ಲಿ ತೀರಾ ಕಡಿಮೆ. ಹಾಗಾದರೆ ಲೆಗ್ಯುಮಿನ್ ಹೆಚ್ಚಿರುವ ತಳಿ ಆರಿಸಿದರೆ ಮುಗಿಯಿತಲ್ಲ ಎನ್ನಬಹುದು. ಮಣ್ಣು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಕ್ಯಾನ್‌ಬೆರಾದ ವಿಜ್ಞಾನಿಗಳು ಗಂಧಕದ ಕೊರತೆಯಲ್ಲಿ ಬಟಾಣಿ ಬೆಳೆಸಿದಾಗ ಗಿಡ ಲೆಗ್ಯುಮಿನ್ನನ್ನು ಬಹಳಷ್ಟು ಕಡಿತ ಮಾಡಿ, ಆ ಜಾಗಕ್ಕೆ ಗಂಧಕ ಬೇಡದ ವಿಸಿಲಿನ್ ತುಂಬಿತು. ತುಪ್ಪ ಇಲ್ಲದ ದಿನ ಎಣ್ಣೆಯಲ್ಲೇ ಒಗ್ಗರಣೆ ಹಾಕುವ ಗೃಹಿಣಿಯ ಜಾಣತನ ಅದು. ಬುತ್ತಿಯ ಪಾಕವಿಧಾನ ಜೀನಿನಲ್ಲಿದೆ, ಅಳತೆಯಲ್ಲಿ ಮಣ್ಣಿನ ಮಾತೂ ನಡೆಯುತ್ತದೆ. ಒಟ್ಟು ಪ್ರೋಟೀನು ಶೇಕಡಾ ಎಷ್ಟೆಂಬುದು ಹೊಲ ಬದಲಾದರೆ, ಮಳೆ ಬದಲಾದರೆ ಬದಲಾಗುತ್ತದೆ. ಆದರೆ ಒಂದು ತಳಿಯ ಲೆಗ್ಯುಮಿನ್ ಗೆರೆ ಜೆಲ್ಲಿನ ಮೇಲೆ ಯಾವ ಎತ್ತರದಲ್ಲಿ ನಿಲ್ಲುತ್ತದೆ ಎಂಬುದು ಯಾವ ಊರಿನಲ್ಲಿ ಬೆಳೆದರೂ ಅದೇ. ತಳಿಯನ್ನು ಗುರುತಿಸಲು ಆ ಗೆರೆಗಳನ್ನು ಬಳಸಿದ್ದೂ ಅದಕ್ಕೇ.

ಇಂದು ಈ ಲೆಕ್ಕಕ್ಕೆ ಹಣದ ತೂಕ ಬಂದಿದೆ. ಅಮೆರಿಕದ ಬಿಯಾಂಡ್ ಬರ್ಗರ್‌ನಂಥ ‘ಮಾಂಸವಿಲ್ಲದ ಮಾಂಸ’ದ ಮೂಲವಸ್ತು ಬಟಾಣಿ ಪ್ರೋಟೀನು. ಫ್ರಾನ್ಸಿನ ರೊಕೆಟ್ ಕಂಪನಿ 2021ರಲ್ಲಿ ಕೆನಡಾದ ಮನಿಟೋಬಾದಲ್ಲಿ ಇದಕ್ಕೆಂದೇ ದೊಡ್ಡ ಕಾರ್ಖಾನೆ ತೆರೆಯಿತು. ಅಲ್ಲಿ ನಡೆಯುವ ಕೆಲಸದ ತಿರುಳು ನಮ್ಮ ಅಡುಗೆಮನೆಗೆ ಹೊಸದಲ್ಲ: ಹಿಟ್ಟನ್ನು ನೀರಿನಲ್ಲಿ ಕದಡಿ, ಪಿಷ್ಟ ಬೇರ್ಪಡಿಸಿ, ಉಳಿದ ದ್ರವಕ್ಕೆ ಹುಳಿ ಬೆರೆಸಿದರೆ, ನಿಂಬೆ ಹಿಂಡಿದ ಹಾಲು ಒಡೆಯುವ ಹಾಗೆ ಗ್ಲಾಬ್ಯುಲಿನ್‌ಗಳು ಗರಣೆಗಟ್ಟುತ್ತವೆ. ಗಂಧಕ ಹೆಚ್ಚಿರುವ ಆಲ್ಬುಮಿನ್‌ಗಳು ಬಹುಪಾಲು ತಿಳಿನೀರಿನ ಜತೆ ಹೊರಟುಹೋಗುತ್ತವೆ. ಉಳಿದದ್ದರಲ್ಲಿ ಎಣ್ಣೆಯನ್ನೂ ನೀರನ್ನೂ ಬೆರೆಸಿ ಹಿಡಿಯಲು ವಿಸಿಲಿನ್ ಚುರುಕು. ಪೌಷ್ಟಿಕತೆಗೆ ಲೆಗ್ಯುಮಿನ್ ಮೇಲು. ಬಟಾಣಿ ಒಗ್ಗದವರಲ್ಲಿ ಅಲರ್ಜಿ ಕೆರಳಿಸುವುದು ಮುಖ್ಯವಾಗಿ ವಿಸಿಲಿನ್, ಕನ್‌ವಿಸಿಲಿನ್‌ಗಳು. ಕಾಳನ್ನು ತೂಕದಲ್ಲಿ ಕೊಳ್ಳುತ್ತಿದ್ದ ವ್ಯಾಪಾರಿ ಮೊದಲ ಬಾರಿಗೆ ಒಳಗೆ ಏನಿದೆ ಎಂದು ಕೇಳುತ್ತಿದ್ದಾನೆ.

ಉತ್ತರ ಹುಡುಕಲು ನಕ್ಷೆಯೂ ಸಿಕ್ಕಿದೆ. 2019ರಲ್ಲಿ ಪ್ರಕಟವಾದ ಬಟಾಣಿಯ ಜೀನೋಮ್ ಸುಮಾರು 445 ಕೋಟಿ ಅಕ್ಷರಗಳದ್ದು, ಮನುಷ್ಯನದ್ದಕ್ಕಿಂತ ದೊಡ್ಡದು. 2025ರಲ್ಲಿ ಇಂಗ್ಲೆಂಡ್ ಮತ್ತು ಚೀನಾದ ವಿಜ್ಞಾನಿಗಳು ಸುಮಾರು 700 ಬಗೆಯ ಬಟಾಣಿಗಳ ಡಿಎನ್‌ಎ ಓದಿ, ಮೆಂಡೆಲನ ಏಳು ಗುಣಗಳಲ್ಲಿ ಬಾಕಿ ಉಳಿದಿದ್ದ ಮೂರರ ಜೀನುಗಳನ್ನೂ ಗುರುತಿಸಿದರು.

ಅರ್ಧ ಕಾಳಿನ ಬಿತ್ತನೆ

ನಕ್ಷೆ ಸಿಕ್ಕ ಮೇಲೂ ದಾರಿ ನಡೆಯಲೇಬೇಕು. ಕಾಡಿನ ಒಂದು ಗುಣ ಬೇಕೆಂದು ಕೂಡಿಸಿದರೆ ಸಿಡಿಯುವ ಕಾಯಿ, ನೆನೆಯದ ಸಿಪ್ಪೆ, ಸಣ್ಣ ಕಾಳು ಎಲ್ಲವೂ ದಿಬ್ಬಣದ ಜತೆ ಬರುತ್ತವೆ. ಮತ್ತೆ ಊರ ಬಟಾಣಿಗೇ ಕೂಡಿಸುತ್ತ, ಪ್ರತಿ ತಲೆಮಾರಿನಲ್ಲೂ ಬೇಕಾದ್ದು ಉಳಿದಿದೆಯೇ ಎಂದು ಪರೀಕ್ಷಿಸುತ್ತ, ಬೇಡವಾದ ನೆಂಟರನ್ನು ಒಬ್ಬೊಬ್ಬರನ್ನಾಗಿ ಬಾಗಿಲಾಚೆ ಕಳಿಸುತ್ತ ಹಲವು ವರ್ಷ ಕಳೆಯುತ್ತದೆ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅಜಿತ್‌ನಂಥ ತಳಿ ಬೂದಿರೋಗವನ್ನೂ ತುಕ್ಕುರೋಗವನ್ನೂ ತಡೆಯುವಂತೆ ರೂಪುಗೊಂಡದ್ದೂ ಇಂಥ ತಾಳ್ಮೆಯಿಂದಲೇ. ರೋಗವಾದರೆ ಎಲೆಯ ಮೇಲೆ ಕಾಣುತ್ತದೆ. ಪ್ರೋಟೀನಿಗೆ ಬ್ಲೇಡು ಬೇಕು, ಒಂದು ಚೂರು ಬೇಳೆ ಬೇಕು.

ಸಂಶೋಧನಾಲಯದ ಬಿತ್ತನೆ ತಟ್ಟೆಯಲ್ಲಿ ಆ ಕಾಳುಗಳು ಸಾಲಾಗಿ ಕೂತಿರುತ್ತವೆ. ಒಂದೊಂದಕ್ಕೂ ಒಂದು ಅಂಕಿ, ಒಂದೊಂದರ ಬದಿಯಲ್ಲೂ ಸಣ್ಣ ಗಾಯ. ತಮ್ಮ ಬುತ್ತಿಯಲ್ಲಿ ಏನಿದೆ ಎಂದು ತೋರಿಸಿ, ಉಳಿದದ್ದನ್ನು ಕಟ್ಟಿಕೊಂಡು ಮಣ್ಣಿಗಿಳಿಯುವ ಕಾಳುಗಳು.

ಅಮ್ಮ ಎಸೆದ ಕಾಳುಗಳಲ್ಲಿ ಒಂದು, ಒಂದು ವರ್ಷದ ಮಳೆಗಾಲ ಮುಗಿದ ಮೇಲೆ, ಹಿತ್ತಲಿನ ಬಚ್ಚಲ ಕಾಲುವೆಯ ಬದಿಯಲ್ಲಿ ಮೊಳೆತಿತ್ತು. ಯಾರೂ ನೀರು ಹಾಕಲಿಲ್ಲ. ತನ್ನಷ್ಟಕ್ಕೆ ಬಳ್ಳಿ ಚಾಚಿ, ಬೇಲಿ ಹಿಡಿದು, ಮಾಗಿಯ ಹೊತ್ತಿಗೆ ನಾಲ್ಕೈದು ಕಾಯಿ ಬಿಟ್ಟಿತು. ನಾವು ಮಕ್ಕಳು ಅವನ್ನು ಕಿತ್ತು, ಬಿಡಿಸಿ, ಅಲ್ಲೇ ನಿಂತು ಹಸಿಯಾಗಿ ತಿಂದೆವು. ಕಾಳು ಎಷ್ಟಿವೆ, ಯಾರಿಗೆ ಎಷ್ಟು ಎಂದು ಮಾತ್ರ ಎಣಿಸಿದೆವು.